ಸಲಹಾ ಸಮಿತಿಗಳ ಕೆಲಸವನ್ನು ಅಳೆಯುವುದು ಯಾವ ಕೋಲಿನಿಂದ? ಕೊಡಗಿನಿಂದೊಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ನಾಡಂಚು (ಭಾಗಮಂಡಲದ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯೆ. ಮುಂದಿನ ಗ್ರಾಮಸಭೆಯಲ್ಲಿ ಪಶ್ಚಿಮ ಘಟ್ಟದ ವರದಿಗಳ ವಿಷಯ ಮತ್ತೆ ಚರ್ಚೆಗೆ ಬರಲಿದೆ. ಘಟ್ಟದ ಯಾವ ಭಾಗಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಬೇಕು, ಅಲ್ಲಿ ಏನನ್ನು ತಡೆಯಬೇಕು ಎಂದು ಹೇಳಿದ ವರದಿಗಳವು. ಕಳೆದ ಸಲ ಈ ವಿಷಯ ಬಂದಾಗ ಕೂಗಾಟದಲ್ಲೇ ಸಭೆ ಮುಗಿದಿತ್ತು. ಹಾಗಾಗಿ ಈ ಬಾರಿ ಮೊದಲು ಯಾರಾದರೂ ಇಪ್ಪತ್ತು ನಿಮಿಷ ವಿಷಯವನ್ನು ನೆಟ್ಟಗೆ ಮಂಡಿಸಲಿ ಎಂದು ಅಧ್ಯಕ್ಷರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ತಾರೀಕುಗಳನ್ನು ಜೋಡಿಸಿಕೊಂಡಿದ್ದೇನೆ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯನ್ನು ಕೇಂದ್ರ ಪರಿಸರ ಸಚಿವಾಲಯವು 2010ರ ಮಾರ್ಚ್‌ನಲ್ಲಿ ನೇಮಿಸಿತು. ಸಮಿತಿ 2011ರ ಆಗಸ್ಟ್ ಕೊನೆಗೆ ವರದಿ ಕೊಟ್ಟಿತು. ಅದನ್ನು ಪರಿಶೀಲಿಸಲು ಕೆ. ಕಸ್ತೂರಿರಂಗನ್ ಅವರ ಕಾರ್ಯತಂಡ 2012ರ ಆಗಸ್ಟ್‌ನಲ್ಲಿ ರಚನೆಯಾಗಿ 2013ರ ಏಪ್ರಿಲ್‌ನಲ್ಲಿ ವರದಿ ಒಪ್ಪಿಸಿತು. ಅದರ ಆಧಾರದ ಮೇಲೆ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಹೊರಬಿತ್ತು. ಅಂತಿಮಗೊಳ್ಳದೆ ಅವಧಿ ಮುಗಿದದ್ದರಿಂದ 2015, 2017, 2018, 2022 ಮತ್ತು 2024ರಲ್ಲಿ ಹೊಸದಾಗಿ ಹೊರಡಿಸಬೇಕಾಯಿತು. ಆರನೆಯ ಕರಡಿನ ತಾರೀಕು 2024ರ ಜುಲೈ 31, ಅಂದರೆ ವಯನಾಡಿನ ಬೆಟ್ಟ ಜರಿದ ಮರುದಿನ. ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು.

ನನಗೆ ತೊಡಕಾಗಿರುವುದು ಮುಂದಿನ ಮಾತು. ಇಷ್ಟು ವರ್ಷಗಳಾದರೂ ಅಂತಿಮ ಅಧಿಸೂಚನೆ ಬಂದಿಲ್ಲವಾದ್ದರಿಂದ ಈ ಸಮಿತಿಗಳ ಶ್ರಮವೆಲ್ಲ ನೀರಿನಲ್ಲಿಟ್ಟ ಹೋಮ ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಪಶ್ಚಿಮ ಘಟ್ಟದ ಮಾತು ಮನೆಮನೆಗೆ ತಲುಪಿದ್ದೇ ಆ ವರದಿಗಳಿಂದ, ಅದಕ್ಕಿಂತ ದೊಡ್ಡ ಫಲ ಯಾವುದಿದೆ ಎಂದು ಕೇಳುತ್ತಾರೆ. ಇವೆರಡರ ನಡುವೆ ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಸೂಚ್ಯಂಕ ಬೇರೆ, ದೇಶದ ಅಂಕ ಪ್ರತಿ ಸಲವೂ ಏರುತ್ತಿದೆ ಎನ್ನುತ್ತದೆ. ಸರ್ಕಾರಕ್ಕೆ ಸಲಹೆ ಕೊಡುವವರ ಕೆಲಸ ಚೆನ್ನಾಗಿತ್ತೇ ಇಲ್ಲವೇ ಎಂಬುದನ್ನು ಯಾವ ಅಳತೆಗೋಲಿನಿಂದ ನೋಡಬೇಕು? ವರದಿಯ ಪರವೋ ವಿರೋಧವೋ ಎಂಬ ಜಗಳಕ್ಕೆ ನಾನು ಈ ಪ್ರಶ್ನೆ ಹಾಕುತ್ತಿಲ್ಲ. ದಯವಿಟ್ಟು ಅಳೆಯುವ ಕ್ರಮದ ಬಗ್ಗೆ ಬರೆಯಿರಿ.

ಉತ್ತರ: ಹಳೆಯ ಲೆಕ್ಕಿಗ (ಮಡಿಕೇರಿ)

ನಾಡಂಚು ಅವರೇ, ನಾನು ಸರ್ಕಾರಿ ಸೇವೆಯಲ್ಲಿ ಬಹುಕಾಲ ಅಂಕಿಅಂಶಗಳ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಆದುದರಿಂದ ನಿಮ್ಮ ಪ್ರಶ್ನೆಯ ಕೊನೆಯ ತುದಿಯನ್ನು, ಅಂದರೆ ಸೂಚ್ಯಂಕವನ್ನು, ಮೊದಲು ಹಿಡಿಯುತ್ತೇನೆ.

ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರ್‌ನಲ್ಲಿ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನೂ ಅವುಗಳ ಒಳಗೆ 169 ಉಪಗುರಿಗಳನ್ನೂ ಒಪ್ಪಿಕೊಂಡವು. ನಮ್ಮಲ್ಲಿ ಅವುಗಳ ಉಸ್ತುವಾರಿ ನೀತಿ ಆಯೋಗದ ಪಾಲಿಗೆ ಬಂತು. ಆಯೋಗವು 2018ರಲ್ಲಿ ಮೊದಲ ಸೂಚ್ಯಂಕ ಹೊರತಂದಾಗ ದೇಶದ ಅಂಕ 57 ಇತ್ತು. ಮುಂದಿನ ಆವೃತ್ತಿಗಳಲ್ಲಿ ಅದು 60, 66 ಎಂದು ಏರಿ, 2024ರ ಜುಲೈನಲ್ಲಿ ಬಂದ ನಾಲ್ಕನೆಯದರಲ್ಲಿ 71 ಆಯಿತು. ಏರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮೊದಲ ಸಲ ಬಳಸಿದ್ದು 62 ಸೂಚಕಗಳು, ಎರಡನೆಯ ಸಲ 100, ಮೂರನೆಯ ಸಲ 115, ನಾಲ್ಕನೆಯ ಸಲ 113. ಮೊದಲ ಸಲ 13 ಗುರಿಗಳಿಗೆ ಮಾತ್ರ ಅಂಕ ಹಾಕಲಾಗಿತ್ತು. ಪ್ರಶ್ನೆಪತ್ರಿಕೆ ಬದಲಾಗುತ್ತಿರುವಾಗ ಹೋದ ವರ್ಷದ ಅಂಕವನ್ನೂ ಈ ವರ್ಷದ ಅಂಕವನ್ನೂ ಒಂದೇ ಸಾಲಿನಲ್ಲಿಟ್ಟು ಮಗು ಇಷ್ಟು ಬೆಳೆಯಿತು ಎನ್ನುವುದಕ್ಕೆ ಸ್ವಲ್ಪ ತಡೆಯಬೇಕು.

ಅದಕ್ಕಿಂತ ಮುಖ್ಯವಾದದ್ದು ನಮ್ಮ ಜಿಲ್ಲೆಗೆ ನೇರವಾಗಿ ತಾಕುತ್ತದೆ. ಭೂಮಿಯ ಮೇಲಿನ ಜೀವಜಾಲಕ್ಕೆ ಸಂಬಂಧಿಸಿದ 15ನೆಯ ಗುರಿಯನ್ನು ಅಳೆಯಲು ಸೂಚ್ಯಂಕ ಹೆಚ್ಚಾಗಿ ಒರಗಿರುವುದು ಅರಣ್ಯ ಹೊದಿಕೆಯ ಶೇಕಡಾವಾರು ಲೆಕ್ಕದ ಮೇಲೆ. ಆ ಲೆಕ್ಕ ಕೊಡುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆತ್ತಿ ನೆಲದ ಶೇ. 10ರಷ್ಟನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವ ಜಾತಿಯದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನೆರಳಿನಲ್ಲಿ ಬೆಳೆಯುವ ನಮ್ಮ ಕಾಫಿ ತೋಟಗಳೆಲ್ಲ ಹೀಗೆ ಅರಣ್ಯ ಹೊದಿಕೆಯಲ್ಲಿ ಸೇರುತ್ತವೆ. ಆದ್ದರಿಂದಲೇ 4,102 ಚದರ ಕಿಲೋಮೀಟರಿನ ಕೊಡಗಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಸಿರೆಂದು ಆ ಸಂಸ್ಥೆಯ ವರದಿಗಳಲ್ಲಿ ಕಾಣುತ್ತದೆ.

ಈಗ ನಮ್ಮ ಕಣ್ಣೆದುರೇ ನಡೆಯುತ್ತಿರುವುದನ್ನು ನೆನೆಯಿರಿ. ಅತ್ತಿ, ಹಲಸು, ನಂದಿ, ಹೊನ್ನೆ, ಬೀಟೆ ಇದ್ದ ತೋಟದಲ್ಲಿ ಅವು ಒಂದೊಂದಾಗಿ ಹೋಗಿ ಆ ಜಾಗಕ್ಕೆ ಸಿಲ್ವರ್ ಓಕ್ ಬರುತ್ತದೆ. ಅದು ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತದೆ. ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ ನಾಟಾ ಮರದ ಹಕ್ಕು ಸರ್ಕಾರದ ಬಳಿ ಇರುವಾಗ, ಕಡಿದು ಮಾರಲು ಕಾಗದಪತ್ರದ ಕಾಟ ಕಡಿಮೆ ಇರುವ ಮರವನ್ನೇ ಬೆಳೆಗಾರ ನೆಡುತ್ತಾನೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಹತ್ತು ಜಾತಿಯ ಮರವಿದ್ದ ತೋಟ ಒಂದೇ ಜಾತಿಯ ಮರದ ತೋಟವಾದರೂ ಉಪಗ್ರಹದ ಚಿತ್ರದಲ್ಲಿ ಹಸಿರು ಹಸಿರಾಗಿಯೇ ಇರುತ್ತದೆ, ಅಂಕ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಕಸ್ತೂರಿರಂಗನ್ ತಂಡವಾದರೋ ಅದೇ ಉಪಗ್ರಹ ಚಿತ್ರಗಳಿಂದ ಘಟ್ಟವನ್ನು ನೈಸರ್ಗಿಕ ಭೂದೃಶ್ಯ ಮತ್ತು ಜನವಸತಿ, ಕೃಷಿ, ತೋಟಗಳ ಸಾಂಸ್ಕೃತಿಕ ಭೂದೃಶ್ಯ ಎಂದು ಎರಡಾಗಿ ಬೇರ್ಪಡಿಸಲು ಹೊರಟಿತು. ಒಂದೇ ಮರವನ್ನು ಸರ್ಕಾರದ ಒಂದು ಕಣ್ಣು ಕಾಡೆಂದು ಎಣಿಸುತ್ತದೆ, ಇನ್ನೊಂದು ಕಣ್ಣು ತೋಟವೆಂದು ಬಿಡುತ್ತದೆ. ಸಭೆಯಲ್ಲಿ ನೀವು ಹೇಳಬೇಕಾದ ಮೊದಲ ಮಾತು ಇದು ಎಂದು ನನ್ನ ಅಭಿಪ್ರಾಯ: ಅಳೆಯುವವನು ಯಾವುದನ್ನು ಎಣಿಸುತ್ತಾನೆಂದು ಕೇಳದೆ ಅಂಕವನ್ನು ಒಪ್ಪಬಾರದು.

ಇನ್ನು ಸಮಿತಿಗಳ ವಿಷಯ. ಸಮಿತಿಯ ಮಾತಿಗೆ ಸರ್ಕಾರ ಕಿವಿಗೊಟ್ಟ ಉದಾಹರಣೆಯೂ ಇದೆ. 1980ರಲ್ಲಿ ಎನ್.ಡಿ. ತಿವಾರಿ ಸಮಿತಿ ಕೇಂದ್ರದಲ್ಲಿ ಪ್ರತ್ಯೇಕ ಪರಿಸರ ಇಲಾಖೆ ಬೇಕೆಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಇಲಾಖೆ ಆಯಿತು, 1985ರಲ್ಲಿ ಅದು ಸಚಿವಾಲಯವಾಗಿ ಬೆಳೆಯಿತು. ಹೊಸ ಕಚೇರಿ ತೆರೆಯಿರಿ ಎಂಬ ಸಲಹೆ ಸರ್ಕಾರಕ್ಕೆ ಯಾವತ್ತೂ ಬೇಗ ಹಿಡಿಸುತ್ತದೆ ಎಂದು ನಾವು ಕಚೇರಿಯಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದೆವು. ನೆಲದ ಮೇಲೆ ಗೆರೆ ಎಳೆಯಿರಿ ಎಂಬ ಸಲಹೆಗೆ ಆ ಅದೃಷ್ಟವಿಲ್ಲ. ಬೇರೆ ದೇಶಗಳಲ್ಲಿ ಇದಕ್ಕಾಗಿಯೇ ಕಾಯಂ ಮಂಡಳಿಗಳನ್ನು ಮಾಡಿಕೊಂಡಿದ್ದಾರೆ. ಜರ್ಮನಿಯ ಸುಸ್ಥಿರ ಅಭಿವೃದ್ಧಿ ಮಂಡಳಿ 2001ರಿಂದ ನಡೆದುಕೊಂಡು ಬಂದಿದೆ, ಅಲ್ಲಿನ ನೀತಿಯನ್ನು ಹೊರದೇಶದ ತಜ್ಞರಿಂದಲೂ ಆಗಾಗ ಪರಿಶೀಲನೆ ಮಾಡಿಸುತ್ತಾರೆ. ಬ್ರಿಟನ್ನಿನಲ್ಲಿ 2000ರಲ್ಲಿ ಹುಟ್ಟಿದ ಅಂಥದೇ ಆಯೋಗವನ್ನು ಸರ್ಕಾರ 2011ರಲ್ಲಿ ಹಣ ನಿಲ್ಲಿಸಿ ಮುಚ್ಚಿತು. ನಮ್ಮಲ್ಲಿ ಸಲಹೆ ಕೊಡುವುದೂ ಅಂಕ ಹಾಕುವುದೂ ಹೆಚ್ಚುಕಡಿಮೆ ಒಂದೇ ಮನೆಯೊಳಗೆ ನಡೆಯುತ್ತದೆ. ಆ ಮನೆ, ಅಂದರೆ ನೀತಿ ಆಯೋಗ, 2015ರ ಜನವರಿಯಲ್ಲಿ ಹುಟ್ಟಿದ್ದು ಸಚಿವ ಸಂಪುಟದ ಒಂದು ನಿರ್ಣಯದಿಂದ, ಸಂಸತ್ತಿನ ಕಾಯ್ದೆಯಿಂದಲ್ಲ.

ಉತ್ತರ: ಬಾಣೆಮನೆ (ಮಾದಾಪುರದ ಹತ್ತಿರ)

ಲೆಕ್ಕಿಗರು ಮೇಲಿನಿಂದ ನೋಡಿ ಬರೆದಿದ್ದಾರೆ, ನಾನು ಬರೆಯ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರಿನ) ಬುಡದಿಂದ ಬರೆಯುತ್ತೇನೆ. ಮೊದಲು ಒಂದು ತಪ್ಪೊಪ್ಪಿಗೆ. 2014ರಲ್ಲಿ ಕರಡು ಬಂದಾಗ ಅದನ್ನು ವಿರೋಧಿಸುವ ಮನವಿಗೆ ನಾನೂ ಸಹಿ ಹಾಕಿದ್ದೆ. ಕಾಫಿ ಗಿಡಕ್ಕೆ ಗೊಬ್ಬರ ಹಾಕುವಂತಿಲ್ಲ, ಮನೆಯ ಹೆಂಚು ಬದಲಿಸುವಂತಿಲ್ಲ, ರಾತ್ರಿ ದೀಪ ಉರಿಸುವಂತಿಲ್ಲ ಎಂದು ಸಭೆಯಲ್ಲಿ ಹೇಳಿದರು. ನಾವು ನಂಬಿದೆವು. ಓದೋಣವೆಂದರೆ ವರದಿ ನೂರಾರು ಪುಟಗಳ ಇಂಗ್ಲಿಷಿನಲ್ಲಿತ್ತು. ಅದನ್ನು ತಿಳಿಗನ್ನಡದಲ್ಲಿ ನಾಲ್ಕು ಪುಟ ಮಾಡಿ ಕೈಗೆ ಕೊಟ್ಟವರು ನಮ್ಮ ಕಡೆಗೆ ಯಾರೂ ಬರಲಿಲ್ಲ.

ನಾನು ವರದಿಯನ್ನೂ ಕರಡನ್ನೂ ಓದಿದ್ದು 2018ರ ನಂತರ. ಆ ಆಗಸ್ಟಿನಲ್ಲಿ ಮುಕ್ಕೋಡ್ಲು, ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲ ಇವುಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಮಳೆಯ ಲೆಕ್ಕದ ಪುಸ್ತಕವಿದೆ. ಬೆಳಿಗ್ಗೆ ಎಂಟಕ್ಕೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟಿನಲ್ಲಿ ಬರೆಯುವುದು ವಾಡಿಕೆ. ಆ ವಾರದ ಪುಟದಲ್ಲಿ ಎರಡು ದಿನದ ಸಾಲು ಖಾಲಿ ಇದೆ. ಮಾಪಕ ಇಟ್ಟಿದ್ದ ಕಾಫಿ ಕಣದ ಮೂಲೆಯೇ ಕೆಳಗಿನ ಗದ್ದೆಗೆ ಹೋಗಿತ್ತು. ಮೇಲಿನ ಜಾಗದವರು ವಸತಿಗೃಹಕ್ಕೆ ದಾರಿ ಮಾಡಲು ಹಿಂದಿನ ಬೇಸಿಗೆಯಲ್ಲಿ ಜೆಸಿಬಿ ತಂದು ಬರೆಯನ್ನು ನೆಟ್ಟಗೆ ಗೋಡೆಯಂತೆ ಕಡಿದಿದ್ದರು. ತೆಗೆದ ಮಣ್ಣನ್ನು ತೋಡಿನ ಕಡೆಗೆ ತಳ್ಳಿದ್ದರು. ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂತು. ಸಂಬಂಧಪಟ್ಟ ಕಚೇರಿಗೆ ನಾನು ಮೊದಲೇ ಬರೆದುಕೊಟ್ಟಿದ್ದೆ, ಹಿಂಬರಹವೂ ಬಂದಿತ್ತು: ಭೂ ಪರಿವರ್ತನೆಯ ಕಡತ ಕ್ರಮಬದ್ಧವಾಗಿದೆ ಎಂದು.

ಇಷ್ಟಾದ ಮೇಲೆ ಕರಡನ್ನು ತೆರೆದು, ಇಂಥ ಕೆಲಸವನ್ನು ಅದು ತಡೆಯುತ್ತಿತ್ತೇ ಎಂದು ಹುಡುಕಿದೆ. ಗಣಿ, ಕಲ್ಲುಕೋರೆ, ಮರಳುಗಾರಿಕೆಗೆ ನಿಷೇಧವಿದೆ. ಉಷ್ಣ ವಿದ್ಯುತ್ ಸ್ಥಾವರಕ್ಕೂ ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆಗೂ ನಿಷೇಧವಿದೆ. ಕಟ್ಟಡದ ವಿಷಯಕ್ಕೆ ಬಂದರೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣಗಳಿಗೆ ನಿಷೇಧ. ನಾವು ಹೆದರಿಕೊಂಡಿದ್ದ ಕಾಫಿ, ಏಲಕ್ಕಿ, ಭತ್ತದ ಬೇಸಾಯಕ್ಕೆ ಯಾವ ಅಡ್ಡಿಯೂ ಇಲ್ಲ. 20,000 ಚದರ ಮೀಟರ್ ಎಂದರೆ ಸುಮಾರು ಐದು ಎಕರೆಯಷ್ಟು ಕಟ್ಟಡದ ವಿಸ್ತೀರ್ಣ. ನಮ್ಮ ಸುತ್ತಮುತ್ತ ಬರೆ ಕಡಿದಿದ್ದು ಎರಡು ಸಾವಿರ ಚದರ ಅಡಿಯ ಮನೆಗೆ, ನಾಲ್ಕು ಕೋಣೆಯ ಹೋಂಸ್ಟೇಗೆ, ಎರಡು ಕಾರು ನಿಲ್ಲಿಸುವ ಜಾಗಕ್ಕೆ. ಆರು ಕರಡುಗಳಲ್ಲಿ ಯಾವುದು ಅಂತಿಮವಾಗಿದ್ದರೂ ನನ್ನ ಕಣದ ಮೇಲಿನ ಬರೆಯನ್ನು ಅದು ಮುಟ್ಟುತ್ತಿರಲಿಲ್ಲ. ನಾವು ವಿರೋಧಿಸಿದ್ದು ಅದರಲ್ಲಿ ಇಲ್ಲದ್ದನ್ನು, ನಮಗೆ ಬೇಕಾಗಿದ್ದದ್ದು ಅದರಲ್ಲಿ ಇರಲಿಲ್ಲ.

ಗಾಡ್ಗೀಳ್ ವರದಿ ಈ ವಿಷಯದಲ್ಲಿ ಹತ್ತಿರ ಬಂದಿತ್ತು. ಅದು ಘಟ್ಟವನ್ನು ಮೂರು ವಲಯಗಳಾಗಿ ಮಾಡಿ, ಮೊದಲ ಎರಡರಲ್ಲಿ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬದಲಾಯಿಸಬಾರದು, ಹಳ್ಳಿಯವರ ವಾಸದ ಮನೆಗಳ ವಿಸ್ತರಣೆಗೆ ಮಾತ್ರ ವಿನಾಯಿತಿ ಎಂದಿತ್ತು. ರಾಸಾಯನಿಕ ಕೀಟನಾಶಕಗಳನ್ನು ವಲಯಕ್ಕೆ ತಕ್ಕಂತೆ 5, 8, 10 ವರ್ಷಗಳಲ್ಲಿ ಬಿಡಬೇಕೆಂದೂ ಹೇಳಿತ್ತು. ಬೆಳೆಗಾರನಾಗಿ ಈ ಎರಡನೆಯ ಮಾತು ನನಗೆ ಇಂದಿಗೂ ಕಷ್ಟವೇ, ಕಾಂಡಕೊರಕ ಬಿದ್ದ ಅರೇಬಿಕಾ ತೋಟವನ್ನು ನೋಡಿದವರಿಗೆ ಇದು ಅರ್ಥವಾದೀತು. ಆದರೂ ಆ ವರದಿ ಹಾನಿ ಆಗುವ ಮಟ್ಟಕ್ಕೆ ಇಳಿದು ಮಾತನಾಡಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕೇ ನನ್ನ ಅಳತೆಗೋಲು ಇಷ್ಟು: ಸಲಹೆಯು ಕೆಡುಕಿನ ಗಾತ್ರಕ್ಕೆ ಹೊಂದುತ್ತದೆಯೇ? ಆನೆ ಹಿಡಿಯುವ ಖೆಡ್ಡಾದಲ್ಲಿ ಇಲಿ ಬೀಳುವುದಿಲ್ಲ, ನಮ್ಮ ಗುಡ್ಡ ಕೊರೆದದ್ದು ಇಲಿಗಳು.

ಉತ್ತರ: ಕಕ್ಕಡ ಮಳೆ

ಇಷ್ಟೆಲ್ಲ ಅಳೆಯುವುದೇಕೆ? ತೀರ್ಮಾನ ತೆಗೆದುಕೊಳ್ಳಲು ಧೈರ್ಯವಿಲ್ಲದಾಗ ಸಮಿತಿ ನೇಮಿಸುತ್ತಾರೆ, ಅದರ ವರದಿ ಹಿಡಿಸದಿದ್ದರೆ ಅದನ್ನು ಪರಿಶೀಲಿಸಲು ಇನ್ನೊಂದು ಸಮಿತಿ. 2022ರಲ್ಲಿ ರಾಜ್ಯಗಳ ಆಕ್ಷೇಪ ಕೇಳಲು ಮತ್ತೊಂದು ಸಮಿತಿ ಮಾಡಲಿಲ್ಲವೇ? ಉದ್ದೇಶವೇ ಕಾಲ ತಳ್ಳುವುದು ಎಂದಾದರೆ ಎಲ್ಲ ಸಮಿತಿಗಳೂ ಪೂರ್ಣ ಯಶಸ್ವಿ.

ಉತ್ತರ: ಗೋಣಿಕೊಪ್ಪಲಿನ ವಕೀಲ

ಕಕ್ಕಡ ಮಳೆಯವರ ಮಾತಿನಲ್ಲಿ ನಗು ಬಂದರೂ ಅದನ್ನು ಪೂರ್ತಿ ಒಪ್ಪಲಾರೆ. ಸರ್ಕಾರ ಕಾಲ ತಳ್ಳಲು ಆಗುವುದು ಉತ್ತರ ಹೇಳಬೇಕಾದ ಕಟ್ಟುಪಾಡು ಇಲ್ಲದಿರುವಾಗ ಮಾತ್ರ. ನಾಡಂಚು ಅವರು ಕೇಳಿದ ಅಳತೆಯ ಕ್ರಮಕ್ಕೆ ನಾನು ಸೇರಿಸಬಯಸುವುದು ಇದನ್ನೇ.

ನಮ್ಮ ಸಂವಿಧಾನದಲ್ಲಿ ಸಲಹೆ ಕೊಡುವ ಒಂದು ಸಂಸ್ಥೆಯನ್ನು ಬಹಳ ಎಚ್ಚರದಿಂದ ಕಟ್ಟಿದ್ದಾರೆ. ಅದು ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆ ಹೇಗೆ ಹಂಚಬೇಕೆಂದು ಹೇಳುವ 280ನೆಯ ವಿಧಿಯ ಹಣಕಾಸು ಆಯೋಗ. ಅದರ ಶಿಫಾರಸುಗಳನ್ನು ಮಾತ್ರವಲ್ಲ, ಪ್ರತಿಯೊಂದು ಶಿಫಾರಸಿನ ಮೇಲೆ ಏನು ಕ್ರಮ ಕೈಗೊಳ್ಳಲಾಗಿದೆ ಎಂಬ ವಿವರಣೆಯನ್ನೂ ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕೆಂದು 281ನೆಯ ವಿಧಿ ಹೇಳುತ್ತದೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾದ ಆಯೋಗದ ವರದಿಯೂ ಹಾಗೆಯೇ, ಕೈಗೊಂಡ ಕ್ರಮದ ಟಿಪ್ಪಣಿಯೊಡನೆ ಆರು ತಿಂಗಳೊಳಗೆ ಸದನಕ್ಕೆ ಬರಬೇಕು. ಸರ್ಕಾರವು ಸಲಹೆಯನ್ನು ಒಪ್ಪಲೇಬೇಕೆಂದು ಎಲ್ಲಿಯೂ ಇಲ್ಲ, ಇರಲೂಬಾರದು. ಒಪ್ಪದಿದ್ದರೆ ಏಕೆ ಎಂದು ಬರೆದು ಹೇಳಬೇಕು, ಅಷ್ಟೆ.

ಸಚಿವಾಲಯದ ಆದೇಶವೊಂದರಿಂದ ಹುಟ್ಟುವ ತಜ್ಞರ ಸಮಿತಿಗೆ ಈ ರಕ್ಷಣೆ ಇಲ್ಲ. ಗಾಡ್ಗೀಳ್ ವರದಿಯ ಮೊದಲ ಒಂಬತ್ತು ತಿಂಗಳ ಕಥೆಯೇ ಇದಕ್ಕೆ ಸಾಕ್ಷಿ. ಮಾಹಿತಿ ಹಕ್ಕಿನಡಿ ಕೇಳಿದಾಗ ಸಚಿವಾಲಯ ಕೊಡಲಿಲ್ಲ. ಬಹಿರಂಗಪಡಿಸಿ ಎಂದು ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಆದೇಶಿಸಿದಾಗ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿಯೂ ಸೋತ ಮೇಲೆ ಮೇ ತಿಂಗಳಲ್ಲಿ ವರದಿ ಜಾಲತಾಣಕ್ಕೆ ಬಂತು, ಅದೂ ಸಚಿವಾಲಯ ಇದನ್ನು ವಿಧಿವತ್ತಾಗಿ ಒಪ್ಪಿಲ್ಲ ಎಂಬ ಒಕ್ಕಣೆಯೊಂದಿಗೆ. ತಾನೇ ಕೇಳಿ ಪಡೆದ ಸಲಹೆಯನ್ನು ಜನರಿಂದ ಬಚ್ಚಿಡಲು ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿದ್ದು ವಿಚಿತ್ರವೆನಿಸುತ್ತದೆ. ಬಾಣೆಮನೆಯವರ ಸಭೆಯಲ್ಲಿ ಹಬ್ಬಿದ ಗಾಳಿಮಾತಿನ ಬೇರು ಒಂದಷ್ಟು ಇಲ್ಲಿದೆ. ವರದಿ ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಅದರ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಾಗಿತ್ತು.

ಭಾಷೆಯ ಮಾತಿಗೂ ಕಾನೂನಿನ ಬೆಂಬಲ ಸಿಕ್ಕಿದೆ. 2020ರ ಮಾರ್ಚ್‌ನ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಸ್ಥಳೀಯ ಭಾಷೆಗಳಲ್ಲಿ ತಕ್ಕ ಪ್ರಚಾರ ಆಗಿಲ್ಲವೆಂದು ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಆ ಕರಡಿನ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಗ್ರಾಮಸಭೆಯಲ್ಲಿ ಕನ್ನಡ ಪ್ರತಿ ಕೇಳುವಾಗ ನೀವು ಉಪಕಾರ ಕೇಳುತ್ತಿದ್ದೀರೆಂದು ಯಾರೂ ಭಾವಿಸಬೇಕಾಗಿಲ್ಲ.

ಒಂದು ವಿಷಯದಲ್ಲಿ ನನಗೆ ಮೇಲಿನವರೊಡನೆ ಭಿನ್ನಾಭಿಪ್ರಾಯವಿದೆ. ರಾಜ್ಯ ತಿರಸ್ಕರಿಸಿತು, ಆದ್ದರಿಂದ ಸಲಹೆ ಸೋತಿತು ಎಂಬ ಧಾಟಿ ಸರಿಯಲ್ಲ. ರಾಜ್ಯದ ಆಕ್ಷೇಪದಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ಗ್ರಾಮದ ಶೇ. 20ರಷ್ಟು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸುವುದು ಕಸ್ತೂರಿರಂಗನ್ ತಂಡದ ಸೂತ್ರ. ನೆರಳುಮರದ ಕಾಫಿ ತೋಟವನ್ನು ಉಪಗ್ರಹ ಚಿತ್ರ ಕಾಡೆಂದು ತಪ್ಪಾಗಿ ಓದುವ ಸಾಧ್ಯತೆ ಇರುವ ಜಿಲ್ಲೆಯಲ್ಲಿ ಆ ಸೂತ್ರ ಎಷ್ಟು ನಿಖರ ಎಂದು ಕೇಳುವುದು ನ್ಯಾಯವೇ. ಆದರೆ ಕೇಳುವ ದಾರಿಗಳು ಎರಡಿದ್ದವು. ಕೇರಳ ತನ್ನದೇ ಸಮಿತಿ ನೇಮಿಸಿ ಹಳ್ಳಿಹಳ್ಳಿಯ ನೆಲ ಪರಿಶೀಲಿಸಿ, ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ತನ್ನ ಪಾಲಿನ 13,108 ಚದರ ಕಿಲೋಮೀಟರನ್ನು 9,993.7ಕ್ಕೆ ಇಳಿಸಿಕೊಂಡಿತು. 2014ರ ಮೊದಲ ಕರಡಿನಲ್ಲಿಯೇ ಅದು ಸೇರಿತು. ಒಟ್ಟು ಪ್ರದೇಶ 59,940ರಿಂದ ಸುಮಾರು 56,825 ಚದರ ಕಿಲೋಮೀಟರಿಗೆ ಇಳಿದದ್ದು ಹಾಗೆ. ಕೇರಳ ಇಳಿಸಿದ್ದು ಸರಿಯೋ ತಪ್ಪೋ ಬೇರೆ ಚರ್ಚೆ, ವಯನಾಡಿನ ನಂತರ ಅದು ಕಹಿ ಚರ್ಚೆಯೂ ಹೌದು. ನಮ್ಮ ರಾಜ್ಯದ 20,668 ಚದರ ಕಿಲೋಮೀಟರು ಮಾತ್ರ ಮೊದಲ ಕರಡಿನಿಂದ ಆರನೆಯದರವರೆಗೆ ಹಾಗೆಯೇ ಉಳಿದಿದೆ, ನಮ್ಮ ಉತ್ತರವೂ ಸಾರಾಸಗಟಾದ ಬೇಡ ಎಂಬುದರಲ್ಲಿಯೇ ಉಳಿದಿದೆ. ಈ ಗ್ರಾಮದ ಈ ಸರ್ವೆ ನಂಬರುಗಳು ತೋಟ, ಇವು ಕಾಡು ಎಂದು ತೋರಿಸಿ ವಾದಿಸಿದ್ದರೆ ಆ ವಾದಕ್ಕೆ ತೂಕವಿರುತ್ತಿತ್ತು. ಸಲಹೆ ಕೊಟ್ಟವರನ್ನಷ್ಟೇ ಅಳೆಯುವುದು ಅರ್ಧ ಅಳತೆ, ಸಲಹೆ ಪಡೆದವರು ಅದನ್ನು ಹೇಗೆ ಓದಿದರು ಎಂಬುದನ್ನೂ ಅಳೆಯಬೇಕು.

ಹಣದ ಮಾತನ್ನೂ ಬಿಡಬಾರದು. ಕಾಡು ಕಾಯ್ದುಕೊಂಡ ರಾಜ್ಯಕ್ಕೆ ತೆರಿಗೆ ಪಾಲು ಹೆಚ್ಚಾಗಲೆಂದು 14ನೆಯ ಹಣಕಾಸು ಆಯೋಗ ಅರಣ್ಯ ಹೊದಿಕೆಗೆ ಶೇ. 7.5ರ ತೂಕ ಕೊಟ್ಟಿತು, 15ನೆಯದು ಅದನ್ನು ಶೇ. 10ಕ್ಕೆ ಏರಿಸಿತು. ಆ ಸಲಹೆ ಜಾರಿಯಾಗಿದೆ, ಹಣವೂ ಬಂದಿದೆ. ಅದು ನಿಲ್ಲುವುದು ರಾಜ್ಯದ ಬೊಕ್ಕಸದಲ್ಲಿ. ಕಾವೇರಿಯ ನೀರು ಬೆಂಗಳೂರಿನ ನಲ್ಲಿಯವರೆಗೆ ಹೋಗುತ್ತದೆ, ಆ ನೀರಿಗೆ ಬೆಟ್ಟ ಕಾಯ್ದ ಲೆಕ್ಕದ ಹಣ ಮಾತ್ರ ಭಾಗಮಂಡಲದ ಪಂಚಾಯಿತಿಯ ಖಾತೆಯವರೆಗೆ ಹತ್ತಿ ಬರುವುದಿಲ್ಲ. ಕಸ್ತೂರಿರಂಗನ್ ತಂಡವೂ ಪರಿಸರ ಸೇವೆಗಳಿಗೆ ಹಣ ಸಲ್ಲಬೇಕೆಂದು ಶಿಫಾರಸು ಮಾಡಿತ್ತು. ಕರಡು ಅಧಿಸೂಚನೆಗೆ ಇಳಿದು ಬಂದದ್ದು ನಿಷೇಧಗಳ ಪಟ್ಟಿ, ಹಣದ ಭಾಗ ವರದಿಯಲ್ಲೇ ಉಳಿಯಿತು. ಜನ ಸಿಟ್ಟಾದರೆ ಅದರಲ್ಲಿ ಅನ್ಯಾಯವೇನು?

ಉತ್ತರ: ಹಳೆಯ ಲೆಕ್ಕಿಗ (ಮಡಿಕೇರಿ)

ವಕೀಲರು ಸರ್ವೆ ನಂಬರಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಅದಕ್ಕೆ ಸೇರಿದಂತೆ ಒಂದು ಸಂಗತಿ. ತಮ್ಮ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿ ಎಂದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ 25 ಗ್ರಾಮಸಭೆಗಳು ತಾವಾಗಿಯೇ ನಿರ್ಣಯ ಮಾಡಿದ್ದನ್ನು ಗಾಡ್ಗೀಳ್ ವರದಿ ದಾಖಲಿಸಿದೆ. ಅಲ್ಲಿ ಎದುರಿಗಿದ್ದದ್ದು ಗಣಿಗಾರಿಕೆ. ಗೆರೆಯನ್ನು ಅಂತಿಮಗೊಳಿಸುವಾಗ ಗ್ರಾಮಸಭೆಗಳನ್ನು ಕೇಳಬೇಕೆಂಬುದೂ ಆ ವರದಿಯ ಮಾತೇ ಆಗಿತ್ತು. ಎರಡನೆಯ ವರದಿಯ ಹೊತ್ತಿಗೆ ಆ ಮಾತಿನ ದನಿ ತಗ್ಗಿತು.

ಬಾಣೆಮನೆಯವರೇ, ನಿಮ್ಮ ಮಳೆ ಪುಸ್ತಕವನ್ನು ದಯವಿಟ್ಟು ಜೋಪಾನ ಮಾಡಿ. ಇಂಚು, ಸೆಂಟಿನ ಅಂಥ ಪುಸ್ತಕಗಳು ಈ ಜಿಲ್ಲೆಯ ಎಷ್ಟೋ ತೋಟದ ಮನೆಗಳಲ್ಲಿವೆ. ನಾನು ಸೇವೆಯಲ್ಲಿದ್ದಷ್ಟು ಕಾಲ ಅವುಗಳನ್ನು ಕೊಡಿ ಎಂದು ಕೇಳಿಕೊಂಡು ಯಾವ ಸಮಿತಿಯೂ ನನ್ನ ಮೇಜಿನ ಹತ್ತಿರ ಬರಲಿಲ್ಲ.

ಮತ್ತೆ ನಾಡಂಚು

ಎಲ್ಲರಿಗೂ ಧನ್ಯವಾದ. ನಾನು ಮಂಡಿಸುವ ಕ್ರಮ ಈಗ ಬದಲಾಗಿದೆ. ವರದಿ ಒಳ್ಳೆಯದೋ ಕೆಟ್ಟದ್ದೋ ಎಂದು ಶುರುಮಾಡುವ ಯೋಚನೆ ಬಿಟ್ಟಿದ್ದೇನೆ. ಬಾಣೆಮನೆಯವರು ಹೇಳಿದ 20,000 ಚದರ ಮೀಟರನ್ನು ಪಂಚಾಯಿತಿ ಕಟ್ಟಡದ ಮುಂದಿನ ಮೈದಾನದಲ್ಲಿ ಹಗ್ಗ ಹಿಡಿದು ತೋರಿಸಲು ಆಗುತ್ತದೆಯೇ ಎಂದು ನೋಡಿದೆ. ಮೈದಾನ ಸಾಲದು, ಶಾಲೆಯನ್ನೂ ಪಕ್ಕದ ಗದ್ದೆಯನ್ನೂ ಸೇರಿಸಬೇಕಾಗುತ್ತದೆ. ಅದನ್ನು ನೋಡಿದ ಮೇಲೆ ನಮ್ಮ ಊರಿನಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಕಡೆ ಬರೆ ಕಡಿದಿದ್ದಾರೆಂದು ಸಭೆಯೇ ಎಣಿಸಲಿ ಎಂದುಕೊಂಡಿದ್ದೇನೆ. ವಾರ್ಡಿನವರೇ ಹೇಳುತ್ತಾರೆ, ಎಲ್ಲರಿಗೂ ಗೊತ್ತಿರುವ ಜಾಗಗಳೇ.

2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಜರಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದದ್ದನ್ನು ಕಂಡ ಊರು ನಮ್ಮದು. ಪಶ್ಚಿಮ ಘಟ್ಟದಲ್ಲಿ ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 39 ತಾಣಗಳಲ್ಲಿ ತಲಕಾವೇರಿ ವನ್ಯಧಾಮವೂ ಇದೆ. ಆದ್ದರಿಂದ ತಜ್ಞ ಸಮಿತಿಗಳ ಸಲಹೆ ನಮಗೆ ಬೇಡವೇ ಬೇಡ ಎಂದು ಇಲ್ಲಿ ಯಾರೂ ಎದೆ ತಟ್ಟಿ ಹೇಳಲಾರರು.

ಎರಡು ನಿರ್ಣಯಗಳನ್ನು ಕರಡು ಮಾಡಿದ್ದೇನೆ. ಆರನೆಯ ಅಧಿಸೂಚನೆಯ ಕನ್ನಡ ಪ್ರತಿಯನ್ನೂ, ಕೊಡಗಿನ 55 ಗ್ರಾಮಗಳ ಪಟ್ಟಿಯಲ್ಲಿ ನಮ್ಮ ಪಂಚಾಯಿತಿಗೆ ಸೇರಿದ ಗ್ರಾಮಗಳ ನಕ್ಷೆಯನ್ನೂ ಲಿಖಿತವಾಗಿ ಕೇಳುವುದು ಒಂದು. ರಾಜ್ಯವು ವರದಿಯನ್ನು ತಿರಸ್ಕರಿಸಿದ್ದಕ್ಕೆ ನಮ್ಮ ಗ್ರಾಮಗಳ ಮಟ್ಟಿಗೆ ಯಾವ ಕಾರಣ ಅನ್ವಯಿಸುತ್ತದೆ ಎಂದು ಕೇಳುವುದು ಇನ್ನೊಂದು. ವಕೀಲರಲ್ಲಿ ಒಂದು ವಿನಂತಿ: ಎರಡನೆಯದನ್ನು ಗ್ರಾಮಸಭೆಯ ನಿರ್ಣಯವಾಗಿ ಕಳಿಸುವುದು ಮೇಲೋ, ಮಾಹಿತಿ ಹಕ್ಕಿನ ಅರ್ಜಿಯಾಗಿ ಹಾಕುವುದು ಮೇಲೋ ತಿಳಿಸಿ. ಸಭೆ ಬರುವ ಮಂಗಳವಾರ ಹನ್ನೊಂದಕ್ಕೆ ಇದೆ, ಮಳೆ ಬಿಟ್ಟರೆ.